ಬಿಳಿ ಸೀಟಿನ ಕಾರು

ಪೋರ್ಟಿಕೋದ ನೆರಳಿನಲ್ಲಿ ಕಾರು ನಿಂತಿತ್ತು. ಮೇಲೆತ್ತಿದ ಬಾನೆಟ್ಟನ್ನು ತೆಳ್ಳಗಿನ ಕಂಬಿಯೊಂದು ಆನಿಸಿ ಹಿಡಿದಿತ್ತು. ಅದರಡಿ ಎಂಜಿನ್ನಿನ ಕಪ್ಪು, ಆ ಕಪ್ಪಿನ ನಡುವೆ ಹಲ್ಲು ಕಿತ್ತ ಜಾಗದಂತೆ ಒಂದು ಖಾಲಿ. ಕಾರಿನ ಮೂತಿಯಿಂದ ತೋಳಳತೆಯ ದೂರದಲ್ಲಿ ಮಹಡಿಯನ್ನು ಹೊತ್ತ ಕಲ್ಲುಕಂಬ. ಕಂಬದ ಬುಡದಲ್ಲಿ ಹಾಸಿದ ಗೋಣಿಚೀಲದ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಮಲಗಿದ್ದವು, ಒಂದೇ ಮನೆಯ ಮಕ್ಕಳಂತೆ. ಅವುಗಳ ಪಕ್ಕದಲ್ಲಿ, ಆ ಖಾಲಿಯನ್ನು ತುಂಬಬೇಕಾದ ಆಲ್ಟರ್ನೇಟರ್: ಉಜ್ಜಿ ತೊಳೆದ ಮೈ, ಮೈಯ ಕಿಂಡಿಗಳೊಳಗೆ ಹೊಸದಾಗಿ ಸುತ್ತಿದ ತಾಮ್ರದ ತಂತಿ, ತಂತಿಯ ಮೇಲೆ ವಾಸನೆ ಇನ್ನೂ ಆರದ ವಾರ್ನಿಷ್. ಕಾರಿನ ಮುಂದಿನ ಕಿಟಕಿಯ ಗಾಜು ಪೂರ್ತಿ ಇಳಿದಿತ್ತು. ಒಳಗೆ ಸೀಟುಗಳಿಗೆ ಬಿಳಿಯ ಹೊದಿಕೆ. ಅಂಗಡಿಯ ಮಡಿಕೆಯ ಗೆರೆಗಳು ಅದರಲ್ಲಿ ಇನ್ನೂ ಮಾಸಿರಲಿಲ್ಲ. ಬೆಳಗಿನ ಬಿಸಿಲಿನ ಒಂದು ಪಟ್ಟಿ ಕಿಟಕಿಯಿಂದ ಇಳಿದು, ಯಾರನ್ನೂ ಕೇಳದೆ, ಆ ಬಿಳಿಯ ಮೇಲೆ ಕೂತಿತ್ತು.

“ಏಯ್! ಕುಂಡೆ ಎತ್ತೇ ಮೇಲಕ್ಕೆ! ಯಾರಪ್ಪನ ಸೀಟು ಅಂತ ಒರಗ್ತಿದ್ದೀಯ?”

ಬೈಸಿಕೊಂಡ ಹೆಂಗಸು, ತಂತಿ, ಕೂತಿರಲಿಲ್ಲ. ತೆರೆದ ಬಾಗಿಲಿನ ಅಂಚಿಗೆ ಸೊಂಟ ತಾಗಿಸಿ, ಕೈಯಲ್ಲಿದ್ದ ವೈರಿನ ತುದಿಯನ್ನು ಹಲ್ಲಿನಿಂದ ಸುಲಿಯುತ್ತಿದ್ದಳು, ಅಷ್ಟೆ. ಜಗಲಿಯ ಬೆತ್ತದ ಕುರ್ಚಿಯಿಂದ ಬಂದ ದನಿ ಮನೆಯೊಡತಿಯದು.

“ಕೂತಿಲ್ಲ ಅಮ್ಮಾವ್ರೆ. ಬರೀ ಒರಗಿದ್ದೆ.”

“ಒರಗೋದೂ ಬೇಡ, ಕೊರಗೋದೂ ಬೇಡ. ಮೊನ್ನೆ ತಾನೆ ಹೊಲಿಸಿ ಹಾಕ್ಸಿದ್ದೀನಿ. ಬೀಗರನ್ನ ಕರ್ಕೊಂಡು ಬರೋ ಗಾಡಿ ಅದು. ಬಾಗಿಲು ಹಾಕು. ಏನು ಕಿತ್ತು ಗುಡ್ಡೆ ಹಾಕೋದಿದ್ರೂ ಹೊರಗೆ ನಿಂತು ಹಾಕು.”

ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದ ಅಣ್ಣ ಮುಖವೆತ್ತದೆ, ಅವಳಿಗಷ್ಟೇ ಕೇಳುವಂತೆ ಹೇಳಿದ: “ಬಾರೇ ಈಕಡೆ, ಡೈನಮೋ ಎತ್ತಿ ಕೊಡು. ಸೀಟು ಅವರದ್ದು, ಸೊಂಟನೋವು ನಮ್ಮದು. ಪಾಲು ಆಗಲೇ ಆಗಿದೆ.”

ಅವಳು ನಕ್ಕಳು. ನಗು ಜಗಲಿಗೆ ಕಾಣದಂತೆ ಬೆನ್ನು ತಿರುಗಿಸಿ ನಕ್ಕಳು. ಅದೂ ಕಲಿತ ವಿದ್ಯೆಯೇ.

ಬೀದಿಯವರು ಅಣ್ಣನನ್ನು ಡೈನಮೋ ಎಂದು ಕರೆಯುತ್ತಿದ್ದರು. ಬ್ಯಾಟರಿಗೆ ಕರೆಂಟು ತುಂಬುವ ಆ ಯಂತ್ರಕ್ಕೆ ಕಂಪನಿಯವರು ಆಲ್ಟರ್ನೇಟರ್ ಎಂದು ಹೆಸರಿಟ್ಟು ಕಾಲವಾಗಿದ್ದರೂ ಅವನ ಬಾಯಲ್ಲಿ ಅಪ್ಪನ ಕಾಲದ ಹೆಸರೇ ಉಳಿದಿತ್ತು. ಅವಳು ತಂತಿ. ತಗಡಿನ ಮಾಡಿನ ಆ ಅಂಗಡಿಯಲ್ಲಿ ಸುಟ್ಟ ಕಾಯಿಲುಗಳನ್ನು ಬಿಚ್ಚಿ ಹೊಸ ತಾಮ್ರ ಸುತ್ತುವುದು ಅವಳ ಪಾಲಿನ ಕೆಲಸ. ಮೈಯೂ ಹಾಗೇ ಸಣಕಲು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ, “ನನ್ನ ಕೈಗೆ ಬಂದವೆಲ್ಲ ಆಗಲೇ ಸುಟ್ಟುಹೋದವೇ ಕಣ್ರೀ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಕಾರಿನೊಳಗೆ, ಸ್ಟೀರಿಂಗಿನ ಮುಂದೆ, ಕೆಂಪು ದೀಪವೊಂದು ಬಹಳ ದಿನದಿಂದ ಉರಿಯುತ್ತಿತ್ತು. ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ ಎಂದು ಹೇಳುವ ದೀಪ ಅದು. ಡ್ರೈವರ್ ಹೇಳಿದ್ದ. “ದೀಪ ತಾನೆ, ಉರೀಲಿ ಬಿಡೋ, ಕರೆಂಟ್ ಬಿಲ್ಲು ಬರುತ್ತಾ?” ಎಂದಿದ್ದ ಯಜಮಾನ. ಕೊನೆಗೆ, ಮಗಳನ್ನು ಕೊಡಬೇಕೆಂದಿದ್ದ ಮನೆಯವರ ಗೇಟಿನ ಎದುರಿಗೇ ಹೆಡ್‌ಲೈಟು ಮಂಕಾಗಿ, ಹಾರನ್ನು ಕೆಮ್ಮಿ, ಕಾರು ಸತ್ತುಹೋಯಿತು. ಬೀಗರಾಗಬೇಕಾದವರು ಮಹಡಿಯ ಮೇಲೆ ನಿಂತು ನೋಡುತ್ತಿದ್ದಂತೆ ಅದನ್ನು ನೂಕಿಸಿಕೊಂಡು ಬರಬೇಕಾಯಿತು. ಆ ಅವಮಾನವನ್ನೆಲ್ಲ ಯಜಮಾನ ಡ್ರೈವರನ ತಲೆಗೆ ಕಟ್ಟಿ, ಅವನ ತಾಯಿಯನ್ನೂ ಸೇರಿಸಿ ಬೈದ. ಡ್ರೈವರ್ ಕೀಯನ್ನು ಜಗಲಿಯ ಮೇಲಿಟ್ಟು ರಜೆ ಹೇಳಿ ಹೋಗಿದ್ದ. ಹಾಗಾಗಿ ಈ ದಿನ ಆ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿಕೊಡುವವರು ಯಾರೂ ಇರಲಿಲ್ಲ.

ಇಲ್ಲದಿದ್ದರೆ ಏನಾಯಿತು? ಹೊರಗಿನಿಂದ ಚಾಲೂ ಮಾಡುವುದು ಅಣ್ಣತಂಗಿಯರ ಮನೆತನಕ್ಕೆ ಬಂದ ವಿದ್ಯೆ. ಅಪ್ಪ ಒಂದು ಕಾಲದಲ್ಲಿ, ಹೀಗೆ ಯಾರದೋ ಮನೆಯ ಕೆಲಸಕ್ಕೆ ಕರೆ ಬಂದಾಗ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೋಗಿದ್ದನಂತೆ. ಕೈಗೆ ಸೋಪು ಹಾಕಿ ತಿಕ್ಕಿ, ಉಗುರನ್ನೂ ಕತ್ತರಿಸಿಕೊಂಡಿದ್ದನಂತೆ. ಆ ಮನೆಯವನು ಬಟ್ಟೆಯನ್ನೂ ನೋಡಿದ, ಕೈಯನ್ನೂ ನೋಡಿದ, ಆಮೇಲೆ ಮುಖ ನೋಡಿ, “ಕೂರಬೇಡ, ಹೊರಗೆ ನಿಂತ್ಕೊ” ಅಂದ. ಅಂದಿನಿಂದ ಅಪ್ಪ ಸೋಪು ಹಚ್ಚುವ ಶ್ರಮ ಬಿಟ್ಟ. ಕಿಟಕಿಯಿಂದ ತೋಳು ತೂರಿಸಿ, ಮೊದಲು ಗೇರಿನ ಕೋಲನ್ನು ಅತ್ತಿತ್ತ ಅಲ್ಲಾಡಿಸಿ, ಅದು ಸಡಿಲವಾಗಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಕೀ ತಿರುಗಿಸುವುದನ್ನು ಮಕ್ಕಳಿಗೆ ಕಲಿಸಿದ. “ಮೊದಲು ಕೋಲು, ಆಮೇಲೆ ಕೀ” ಎಂದು ಹೇಳಿಕೊಟ್ಟ. ಕಾಲು ಒಳಗಿಲ್ಲದವನಿಗೆ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಗೇರಿನಲ್ಲಿದ್ದ ಕಾರು ಕೀ ತಿರುಗಿಸಿದೊಡನೆ ಮುಂದಕ್ಕೆ ಜಿಗಿಯುತ್ತದೆ. ಅಣ್ಣತಂಗಿಯರು ಅದನ್ನು ಆಟವಾಗಿ ಕಲಿತರು, ಕಸುಬಾಗಿ ಬೆಳೆಸಿದರು. ಯಾವ ಗಾಡಿಯ ಕಿಟಕಿ ಎಷ್ಟು ಎತ್ತರ, ಎಲ್ಲಿ ಭುಜ ಊರಬೇಕು ಎಂಬುದೆಲ್ಲ ಅವಳ ಮೈಗೆ ಗೊತ್ತಿತ್ತು. ತಾನು ರಿಪೇರಿ ಮಾಡಿದ ಯಾವ ಕಾರಿನ ಕೆಂಪು ದೀಪವನ್ನೂ ಅವಳು ಎದುರಿನಿಂದ ನೋಡಿರಲಿಲ್ಲ. ಯಾವಾಗಲೂ ಪಕ್ಕದಿಂದ, ಕತ್ತು ವಾರೆಮಾಡಿ.

ಆಲ್ಟರ್ನೇಟರ್ ತನ್ನ ಜಾಗದಲ್ಲಿ ಕೂತಿತು. ಅಣ್ಣ ಬೆಲ್ಟು ಏರಿಸಿ, ಕೆಳಗಿನ ಬೋಲ್ಟು ಬಿಗಿದು, ಅಂಗಡಿಯಲ್ಲಿ ಚಾರ್ಜ್ ಮಾಡಿ ತಂದಿದ್ದ ಬ್ಯಾಟರಿಗೆ ವೈರು ಸಿಕ್ಕಿಸಿ, “ನೋಡೋಣ ಸ್ಟಾರ್ಟ್ ಮಾಡು” ಎಂದ. ಅವಳು ಕಿಟಕಿಯಿಂದ ತೋಳು ತೂರಿಸಿದಳು. ಕೋಲು ಅಲ್ಲಾಡಿತು. ಕೀ ತಿರುಗಿತು. ಎಂಜಿನ್ ಗುಡುಗಿತು, ದೀಪ ಮಿಣಮಿಣ ಎನ್ನುತ್ತಲೇ ಇತ್ತು.

“ಆರ್ತಿಲ್ಲ ಅಣ್ಣಾ.”

“ಬೆಲ್ಟು ಸಡಿಲ. ಆಫ್ ಮಾಡು. ರಾಡು ತಾ, ಮೀಟಿ ಎಳೀಬೇಕು.”

ಅವಳು ರಾಡು ಹಿಡಿದು ಮುಂದಕ್ಕೆ ಹೋದಳು. ಇಬ್ಬರೂ ಬಾನೆಟ್ಟಿನೊಳಗೆ ಬಗ್ಗಿ ಆಲ್ಟರ್ನೇಟರನ್ನು ಮೀಟುತ್ತಿರುವಾಗ, ಎಂಜಿನ್ನಿನ ಸದ್ದು ಕೇಳಿದ ಯಜಮಾನ ಫೋನು ಕಿವಿಗೆ ಒತ್ತಿಕೊಂಡೇ ಹೊರಗೆ ಬಂದ.

“ಆಯ್ತೇನೋ ಡೈನಮೋ? ಬೆಳಗ್ಗಿಂದ ಕೆರೀತಾನೇ ಇದ್ದೀಯಲ್ಲೋ.”

“ಆಗ್ತಾ ಬಂತು ಯಜಮಾನರೆ.”

ಯಜಮಾನ ಬಾಗಿಲು ತೆರೆದು ಬಿಳಿ ಸೀಟಿನಲ್ಲಿ ಕೂತ. ಕನ್ನಡಿ ಸರಿಮಾಡಿಕೊಂಡ. ಅದರಲ್ಲಿ ಮೀಸೆ ನೋಡಿಕೊಂಡ. ಫೋನಿನಲ್ಲಿ ಯಾರಿಗೋ, “ಬರಬೇಕು, ತಪ್ಪಿಸಬಾರದು, ಗಾಡಿ ಕಳಿಸ್ತೀನಿ” ಎಂದು ನಗುತ್ತ ಹೇಳಿದ. ಇಳಿಯುವಾಗ, ಗೇಟಿನ ಕಡೆಗೆ ಇಳಿಜಾರಾದ ಆ ಪೋರ್ಟಿಕೋದಲ್ಲಿ ಪ್ರತಿದಿನ ಮಾಡುವಂತೆ, ಹ್ಯಾಂಡ್‌ಬ್ರೇಕು ಇಳಿಸಿ, ಕಾರು ಹಿಂದಕ್ಕೆ ಜಾರದಿರಲೆಂದು ಗೇರಿಗೆ ಹಾಕಿ ಇಳಿದ. ಎತ್ತಿದ ಬಾನೆಟ್ಟು ಅಡ್ಡವಾಗಿತ್ತು, ಅಣ್ಣತಂಗಿಯರು ನೋಡಲಿಲ್ಲ. ಯಜಮಾನ ಮಾತನಾಡುತ್ತಲೇ ಹೂಕುಂಡಗಳ ಕಡೆಗೆ ನಡೆದ.

“ಮೇಲಿನ ಬೋಲ್ಟು ಆಮೇಲೆ ಬಿಗೀತೀನಿ. ಮೊದಲು ದೀಪ ಆರುತ್ತಾ ನೋಡೋಣ” ಎಂದ ಅಣ್ಣ. “ಹ್ಞೂಂ, ಸ್ಟಾರ್ಟ್.”

ಅವಳು ಕಿಟಕಿಗೆ ಭುಜ ಊರಿದಳು. ಮೊದಲು ಕೋಲು. ತೋಳು ಸೀಟಿನ ಮೇಲಿಂದ ಚಾಚಿತು. ಬೆರಳು ಕೋಲಿಗೆ ಇನ್ನೇನು ತಾಗಬೇಕು,

“ಏಯ್! ಬಿಳಿ ಬಟ್ಟೆ! ಕೈ ತೆಗಿಯೇ ಆಚೆ!”

ಜಗಲಿಯಿಂದ ಮನೆಯೊಡತಿಯ ದನಿ ಚಾಟಿಯಂತೆ ಬಂತು. ತೋಳು ತಾನಾಗಿ ಹಿಂದೆ ಸರಿಯಿತು. ಬೈಗುಳಕ್ಕೆ ಸರಿಯುವುದು ತೋಳಿಗೆ ಮೊದಲಿನಿಂದ ಗೊತ್ತು, ಅದಕ್ಕೆ ಅವಳ ಅಪ್ಪಣೆ ಬೇಕಿರಲಿಲ್ಲ. ಈಗ ತಾನೆ ಅಲ್ಲಾಡಿಸಿ ನೋಡಿದ್ದೇನಲ್ಲ ಎಂದುಕೊಂಡಳು. ಎದುರಿಗೆ ಅಣ್ಣನ ಟೆಸ್ಟರ್ ಜೇಬಿನಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತಲು ಅವನು ಬಗ್ಗಿದ, ಬಲಗೈಯನ್ನು ಕಂಬಕ್ಕೆ ಊರಿ. ಬಾನೆಟ್ಟಿನ ಮರೆಯಲ್ಲಿ ಅವಳಿಗೆ ಅದು ಕಾಣಲಿಲ್ಲ.

ಅವಳು ಕೀ ತಿರುಗಿಸಿದಳು.

ಕಾರು ಒಮ್ಮೆ ಜಿಗಿದು, ಕಂಬಕ್ಕೆ ಗುದ್ದಿ, ಸತ್ತು ನಿಂತಿತು. ಅಣ್ಣನ ಕೂಗು ಸ್ವಲ್ಪ ತಡವಾಗಿ ಬಂತು. ಮನುಷ್ಯನಿಗೆ ತನ್ನ ಕೈ ಎಲ್ಲಿದೆ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತೇನೋ.

ಅವಳು ಮುಂದಕ್ಕೆ ಓಡಿ ಬಂಪರಿಗೆ ಎದೆ ಕೊಟ್ಟು ನೂಕಿದಳು. ಕಾರು ಮಿಸುಕಲಿಲ್ಲ. ಆಗ ಹೊಳೆಯಿತು. ಮತ್ತೆ ಓಡಿ, ಕಿಟಕಿಯಿಂದ ಎದೆಯವರೆಗೆ ಒಳಗೆ ನುಗ್ಗಿ, ಒಂದು ಕೈಯನ್ನು ಬಿಳಿ ಸೀಟಿಗೆ ಊರಿ, ಇನ್ನೊಂದರಿಂದ ಕೋಲನ್ನು ಎಳೆದಳು. ಇಳಿಜಾರು ಉಳಿದದ್ದನ್ನು ಮಾಡಿತು. ಕಾರು ಹಿಂದಕ್ಕೆ ಜಾರಿತು, ಅಣ್ಣ ಕಂಬದ ಬುಡಕ್ಕೆ ಕುಸಿದ.

“ಗಾಡಿ! ಗಾಡಿ ಹೋಗ್ತಿದೆ! ಹಿಡ್ಕೊಳ್ರೋ ಬೋಳೀಮಕ್ಳಾ!”

ಯಜಮಾನ ಓಡಿ ಬಂದ. ಅಣ್ಣನನ್ನು ದಾಟಿ ಓಡಿದ. ಬಾಗಿಲು ಸೆಳೆದು ಒಳಗೆ ಹಾರಿ ಬ್ರೇಕು ತುಳಿದ. ಗೇಟಿಗೆ ತಾಗುವ ಮೊದಲೇ ನಿಲ್ಲಿಸಿದ. ಏನೂ ಕೆಟ್ಟಿಲ್ಲವಷ್ಟೆ ಎಂದು ನೋಡಲು ಕೀ ತಿರುಗಿಸಿದ. ಎಂಜಿನ್ ಹದವಾಗಿ ಉಸಿರಾಡಿತು.

“ಹ್ಞಾಂ,” ಎಂದ, ಮುಂದೆ ನೋಡುತ್ತ. “ದೀಪ ಆರಿದೆ. ಚಾರ್ಜ್ ಆಗ್ತಿದೆ.”

ಅಣ್ಣನ ಮಣಿಕಟ್ಟಿಗೆ ತನ್ನ ಸೆರಗನ್ನು ಹರಿದು ಬಿಗಿಯಾಗಿ ಕಟ್ಟಿ ತಂತಿ ಎದ್ದು ನಿಂತಳು. “ಯಜಮಾನರೆ, ಗಾಡಿ ಸರಿಯಾಗಿದೆಯಲ್ಲ, ಆಸ್ಪತ್ರೆಗೆ ಬಿಡಿ. ಕೈ ಮುಗೀತೀನಿ.”

ಯಜಮಾನ ಎಂಜಿನ್ ಆಫ್ ಮಾಡಿ ಇಳಿದು ಕಂಬವನ್ನು ನೋಡಿದ. ಸೀಟಿನ ಮೇಲೆ ಮೂಡಿದ್ದ ಕರಿಯ ಅಂಗೈಗುರುತನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

“ಹಿಂದಿನ ಸೀಟಿಗೆ ಗೋಣಿ ಹಾಸ್ತೀನಿ ಯಜಮಾನರೆ.”

“ರಕ್ತ ಅಂದ್ರೆ ಗೋಣೀಲಿ ನಿಲ್ಲೋ ವಸ್ತುವೇನೇ?” ಎಂದಳು ಮನೆಯೊಡತಿ.

“ಸೀಟಲ್ಲಿ ಬೇಡ. ಕೆಳಗೆ, ಕಾಲಿಡೋ ಜಾಗದಲ್ಲಿ ಕೂರಿಸ್ತೀನಿ.”

ಯಜಮಾನ ಕಾರಿನ ಬಾಗಿಲು ಮುಚ್ಚಿದ.

“ಡಿಕ್ಕೀಲಾದ್ರೂ ಹಾಕ್ಕೊಳ್ಳಿ ಸ್ವಾಮಿ!”

“ಗೇಟಿನಾಚೆ ಬಾಡಿಗೆ ಗಾಡಿ ಸಿಗುತ್ತೆ, ಬೇಗ ನೋಡು,” ಎಂದ ಯಜಮಾನ, ಕೀಯನ್ನು ಜೇಬಿಗಿಟ್ಟುಕೊಳ್ಳುತ್ತ. “ನಾನೂ ಮನುಷ್ಯನೇ ಕಣಮ್ಮ, ಕರುಳು ಚುರುಕ್ ಅನ್ನುತ್ತೆ. ಆದ್ರೆ ನೋಡಿಕೊಂಡು ಕೆಲಸ ಮಾಡಬೇಕಪ್ಪ. ಕೀ ತಿರುಗಿಸಿದ್ದು ನೀನೇ ತಾನೆ?”

ಬಾಡಿಗೆ ಗಾಡಿ ಸಿಗಲಿಲ್ಲ. ಸಿಕ್ಕ ಒಂದು, ಸೆರಗಿನ ಬಣ್ಣ ನೋಡಿ ವೇಗ ಹೆಚ್ಚಿಸಿಕೊಂಡು ಹೋಯಿತು. ಆಲ್ಟರ್ನೇಟರನ್ನು ಹೇರಿಕೊಂಡು ಬಂದಿದ್ದ ತಳ್ಳುಗಾಡಿಯಲ್ಲೇ ಅಣ್ಣನನ್ನು ಮಲಗಿಸಿ, ಅವಳು ಬಿಸಿಲಿನ ಬೀದಿಗಳುದ್ದಕ್ಕೂ ತಳ್ಳಿದಳು. ಹಳ್ಳ ಬಂದಾಗಲೆಲ್ಲ ಅವನು, “ಮೆಲ್ಲಗೆ ಕಣೆ, ಬೇರಿಂಗು ಹೋಗುತ್ತೆ,” ಎನ್ನುತ್ತಿದ್ದ. ತಳ್ಳುಗಾಡಿಗೆ ಬೇರಿಂಗು ಇರಲಿಲ್ಲ.

ಆಸ್ಪತ್ರೆಯಿಂದ ಅವನು ಬಂದಾಗ ಬಲತೋಳು ಮಣಿಕಟ್ಟಿಗೆ ಮುಗಿದಿತ್ತು.

*

ಅಂಗಡಿಯ ಬಾಗಿಲು ತೆರೆದೇ ಇರುತ್ತಿತ್ತು. ಅಣ್ಣ ತನ್ನ ಹಳೆಯ ಮರದ ಡಬ್ಬದ ಮೇಲೆ ಕೂತು ಬೀದಿ ನೋಡುತ್ತಿದ್ದ. ಯಾರದಾದರೂ ಗಾಡಿಯ ಬೆಲ್ಟು ಕಿರುಚುತ್ತ ಹಾದುಹೋದರೆ ಅವನ ಬಲಭುಜ ಮೊದಲು ಎದ್ದು, ಆಮೇಲೆ ನೆನಪಾಗಿ ಇಳಿಯುತ್ತಿತ್ತು.

ಬೀದಿಯಲ್ಲಿ ಒಂದು ಕಥೆ ಹರಡಿತ್ತು: ಡೈನಮೋ ತನ್ನ ಅಂಗಡಿಯಲ್ಲೇ ಕುಡಿದ ಅಮಲಿನಲ್ಲಿ ಕೈ ಕೊಯ್ದುಕೊಂಡನಂತೆ. ಕಥೆ ಎಲ್ಲಿಂದ ಹೊರಟಿತೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಚಹಾದಂಗಡಿಯವನು, “ಏನಣ್ಣ, ಇನ್ಮೇಲೆ ಅರ್ಧ ಗ್ಲಾಸೇ ಸಾಕಾ?” ಎಂದು ಕೇಳಿದ. ಹನಿ ಹೆಂಡವನ್ನೂ ಮುಟ್ಟದ ಅಣ್ಣ ನಕ್ಕುಬಿಟ್ಟ. ಆ ನಗೆಯನ್ನು ನೋಡಲಾರದೆ ತಂತಿ ಒಳಗೆ ಹೋದಳು.

ಒಳಗೆ ಅತ್ತಿಗೆ ಇದ್ದಳು.

“ಕೀ ತಿರುಗಿಸಿದ್ದು ಯಾವ ಕೈ? ಬಲಗೈ ತಾನೆ? ನೆಟ್ಟಗಿದೆಯಲ್ಲ, ಅನ್ನ ಕಲಸ್ತಿದೆಯಲ್ಲ.”

“ಸುಮ್ನಿರೇ,” ಎನ್ನುತ್ತಿದ್ದ ಅಣ್ಣ ಹೊರಗಿನಿಂದ.

“ನಾನ್ಯಾಕೆ ಸುಮ್ನಿರಲಿ? ನಿಮ್ಮ ಅಂಗಿ ಗುಂಡಿ ಹಾಕೋಳು ನಾನು. ತಲೆ ಬಾಚೋಳು ನಾನು. ತುತ್ತು ಇಡೋಳು ನಾನು. ಮದುವೆಯಾದ ಹೊಸತರಲ್ಲಿ ಮಾಡ್ಬೇಕಾದ್ದನ್ನೆಲ್ಲ ಈಗ ಮಾಡ್ತಿದ್ದೀನಿ, ಪುಣ್ಯಾತ್ಗಿತ್ತಿ ನಿಮ್ಮ ತಂಗಿಯಿಂದ.”

ತಂತಿ ಎದುರಾಡುತ್ತಿರಲಿಲ್ಲ. ಕಾಯಿಲು ಸುತ್ತುವಾಗ ತಾಮ್ರ ಬೆರಳನ್ನು ಕೊಯ್ದರೆ ಕೈ ಹಿಂದೆ ತೆಗೆಯುವುದನ್ನೂ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಡ್ರೈವರ್ ಬಂದ. ಕೆಲಸಕ್ಕೆ ಮರಳಿ ಸೇರಿಕೊಂಡಿದ್ದ. ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಅಣ್ಣನ ತೋಳಿನ ಕಡೆ ನೋಡದಿರಲು ಅಂಗಡಿಯ ಮಾಡನ್ನೇ ನೋಡುತ್ತ ಮಾತಾಡಿದ.

“ಗಾಡಿ ಮತ್ತೆ ಹಠ ಹಿಡಿದಿದೆ ಅಣ್ಣ. ಬೆಲ್ಟು ಕಿರ್ರೋ ಅನ್ನುತ್ತೆ. ದೀಪ ಬೇರೆ ಶುರುವಾಗಿದೆ.”

“ಮೇಲಿನ ಬೋಲ್ಟು,” ಎಂದ ಅಣ್ಣ ತಕ್ಷಣ. “ಬಿಗಿದಿರಲಿಲ್ಲ.”

“ಬೀಗರು ಬಂದು ಕೂತಿದ್ದಾರೆ. ಅವರನ್ನ ವಾಪಸ್ ಅದೇ ಗಾಡೀಲಿ ಬಿಟ್ಟುಬರಬೇಕು. ತಂತೀನ ಕಳಿಸು ಅಂದ್ರು ಯಜಮಾನ್ರು.” ಅವನು ಟೋಪಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. “ಇನ್ನೊಂದು ಮಾತು. ನಿನಗೊಂದು ದಾರಿ ಮಾಡಿಕೊಡ್ತಾರಂತೆ. ಗೇಟಲ್ಲಿ ಕೂರೋ ಕೆಲಸ. ಸ್ಟೂಲು, ಟೋಪಿ ಎಲ್ಲ ತರಿಸಿಟ್ಟಿದ್ದಾರೆ.”

ಅತ್ತಿಗೆ ಬಾಗಿಲಿಗೆ ಬಂದು ನಿಂತಳು.

“ಸುಮ್ನೆ ಕೊಡ್ತಾರಾ?” ಎಂದಳು ತಂತಿ.

“ಬೀಗರ ಕಡೆಯೋರೊಬ್ರು ಆ ಆಸ್ಪತ್ರೇಲೇ ಕೆಲಸಕ್ಕಿದ್ದಾರಂತೆ. ಏನೋ ಕಿವಿಗೆ ಬಿದ್ದಿದೆ. ಹಾಗಾಗಿ...” ಡ್ರೈವರ್ ಮಾಡನ್ನು ಬಿಟ್ಟು ನೆಲ ನೋಡಿದ. “ಅವರ ಎದುರಿಗೆ ನಿನ್ನ ಕೇಳ್ತಾರೆ. ನಮ್ಮ ಅಂಗಡೀಲೇ ಆಗಿದ್ದು ಅಂತ ಒಂದು ಮಾತು ಹೇಳಿಬಿಟ್ರೆ ಮುಗೀತು.”

ಗೋಡೆಗೆ ತೂಗುಹಾಕಿದ್ದ ಹಳೆಯ ಬೆಲ್ಟುಗಳು, ಮಾತು ನಿಂತ ಬಾಯಿಗಳಂತೆ, ಖಾಲಿ ವೃತ್ತಗಳಾಗಿ ನೇತಾಡುತ್ತಿದ್ದವು.

“ಗೇಟು ತೆಗೆಯೋಕೆ ಒಂದು ಕೈ ಸಾಕು,” ಎಂದ ಅಣ್ಣ ಕೊನೆಗೆ.

“ಸಲಾಮು ಹೊಡೆಯೋಕೆ?” ಎಂದಳು ಅತ್ತಿಗೆ. ಅವಳ ದನಿ ಒಡೆದಿತ್ತು. ಬೈಯುವುದಕ್ಕೆ ಎತ್ತಿದ ದನಿ ಅರ್ಧದಾರಿಯಲ್ಲಿ ಬೇರೆ ಏನೋ ಆಗಿತ್ತು.

“ತಲೆ ಬಗ್ಗಿಸಿದ್ರಾಯ್ತು. ಅದಕ್ಕೆ ಕೈ ಬೇಡ.” ಅಣ್ಣ ಎದ್ದ. ಎಡಗೈಯಿಂದ ಗೋಣಿಯ ಮೇಲೆ ತಡಕಾಡಿ ಸರಿಯಾದ ಸ್ಪ್ಯಾನರನ್ನು ಆರಿಸಿ ತಂಗಿಗೆ ಚಾಚಿದ. “ಹೋಗು ತಂತಿ. ಕೇಳಿದ್ದಕ್ಕೆ ಹ್ಞೂಂ ಅನ್ನು.”

“ನೀನೇ ಹೇಳ್ತಿದ್ದೀಯಾ?”

“ನಾನೇ ಹೇಳ್ತಿದ್ದೀನಿ. ಮನೇಲಿ ಒಲೆ ಉರೀಬೇಕಲ್ಲ.” ಸ್ವಲ್ಪ ತಡೆದು, ನಾಚಿಕೊಂಡವನಂತೆ ಸೇರಿಸಿದ: “ಬೋಲ್ಟು ಮಾತ್ರ ಸರಿಯಾಗಿ ಬಿಗಿ. ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ ಕಣೆ, ಕೈಯಲ್ಲ. ಅರ್ಧ ಬಿಟ್ಟು ಬಂದ ಕೆಲಸ.”

*

ದೊಡ್ಡ ಗೇಟಿನಲ್ಲಿ ಆಳೊಬ್ಬ ಹೋಗುವಷ್ಟು ಒಂದು ಕಿರುಬಾಗಿಲಿತ್ತು. ಡ್ರೈವರ್ ಅದನ್ನು ತೆರೆದ. ಒಳಗೆ, ಗೋಡೆಯ ನೆರಳಿನಲ್ಲಿ, ಹೊಸ ಸ್ಟೂಲು. ಸ್ಟೂಲಿನ ಮೇಲೆ ಹೊಸ ಟೋಪಿ. ತಲೆ ಬರುವುದಕ್ಕೆ ಮೊದಲೇ ಟೋಪಿ ಬಂದು ಕಾಯುತ್ತಿತ್ತು.

ಕಾರು ಅದೇ ಜಾಗದಲ್ಲಿ ನಿಂತಿತ್ತು. ಕಂಬವನ್ನು ತಿಕ್ಕಿ ತೊಳೆದಿದ್ದರು. ತೊಳೆದ ಅಷ್ಟು ಜಾಗ ಉಳಿದ ಕಲ್ಲಿಗಿಂತ ಬೆಳ್ಳಗಾಗಿ, ತೊಳೆದದ್ದನ್ನೇ ಹೇಳುತ್ತಿತ್ತು. ಸೀಟಿನ ಹೊದಿಕೆಯನ್ನೂ ಒಗೆಸಿ ಹಾಕಿದ್ದರು. ಜಗಲಿಯಲ್ಲಿ ಬೀಗರಾಗಲಿರುವ ಮುದುಕ, ಊರುಗೋಲಿನ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಮನೆಯೊಡತಿ ಇಬ್ಬರಿಗೂ ತಟ್ಟೆ ಮುಂದೆ ಮಾಡುತ್ತಿದ್ದಳು.

ತಂತಿ ಯಾರನ್ನೂ ನೋಡದೆ ಬಾನೆಟ್ಟೆತ್ತಿದಳು. ಕಂಬಕ್ಕೂ ಕಾರಿಗೂ ನಡುವೆ, ಅಣ್ಣ ನಿಂತಿದ್ದಲ್ಲೇ ನಿಂತು, ಆಲ್ಟರ್ನೇಟರನ್ನು ರಾಡಿನಿಂದ ಮೀಟಿ ಹಿಡಿದು ಮೇಲಿನ ಬೋಲ್ಟನ್ನು ಬಿಗಿದಳು. ಇನ್ನು ತಿರುಗದು ಎನ್ನುವಲ್ಲಿಗೆ ನಿಲ್ಲಿಸಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅಣ್ಣ ಒತ್ತುತ್ತಿದ್ದ ಹಾಗೇ.

“ನೋಡಿ ಬೀಗರೆ, ಇವಳೇ,” ಎಂದ ಯಜಮಾನ ಜಗಲಿಯ ಮೆಟ್ಟಿಲಿಳಿಯುತ್ತ. “ನಮ್ಮ ಮನೆ ಮಕ್ಕಳಿದ್ದಂತೆ ಇವರು. ಅಣ್ಣನ ಕೈ ಹೋದ ಮೇಲೆ ಕೈ ಬಿಡಬಾರದು ಅಂತ ನಮ್ಮ ಗೇಟಲ್ಲೇ ಕೆಲಸ ಕೊಟ್ಟಿದ್ದೀವಿ. ಜನ ಏನೇನೋ ಆಡ್ತಾರೆ. ಹೇಳಮ್ಮ, ನಿಮ್ಮಣ್ಣಂಗೆ ಹೇಗಾಯ್ತು, ಎಲ್ಲಾಯ್ತು, ನಿನ್ನ ಬಾಯಲ್ಲೇ ಹೇಳು.”

ತಂತಿ ಬಟ್ಟೆಯ ತುಂಡಿನಿಂದ ಸ್ಪ್ಯಾನರ್ ಒರೆಸಿದಳು. ಹ್ಞೂಂ ಎಂಬುದು ಬಾಯಿ ತೆರೆಯದೆಯೇ ಹೇಳಬಹುದಾದ ಮಾತು. ಅದು ಗಂಟಲಲ್ಲಿ ಇತ್ತು. ಗೇಟಿನ ಬಳಿ ಸ್ಟೂಲು ಕಾಣುತ್ತಿತ್ತು.

“ಹೇಳೋಕೆ ನಂಗೆ ಅಷ್ಟಾಗಿ ಬರಲ್ಲ ಯಜಮಾನರೆ,” ಎಂದಳು. “ತೋರಿಸ್ತೀನಿ. ನೀವು ಸ್ವಲ್ಪ ಇಲ್ಲಿ ಬಂದು ನಿಲ್ಲಿ.”

“ಎಲ್ಲಿ?”

“ಇಲ್ಲೇ. ಕಂಬಕ್ಕೂ ಗಾಡಿಗೂ ಮಧ್ಯೆ. ಬಲಗೈ ಕಂಬದ ಮೇಲಿಡಿ. ಅಲ್ಲ, ಅಲ್ಲಿ, ತೊಳೆದ ಜಾಗದಲ್ಲಿ.”

ಯಜಮಾನ ಕೊನೆಯ ಮೆಟ್ಟಿಲಿನಲ್ಲಿ ನಿಂತ.

“ಅಂಗಡೀಲಿ ಆಯ್ತು ಅಂದಿದ್ರಲ್ಲ?” ಎಂದ ಮುದುಕ, ಊರುಗೋಲಿನಿಂದ ಗದ್ದ ಎತ್ತಿ.

“ತಲೆ ಕೆಟ್ಟಿದೆ ಇವಳಿಗೆ. ಏಯ್, ಕೆಲಸ ಆಯ್ತಲ್ಲ, ನಡಿ!”

“ಕೆಲಸ ಆಗಿಲ್ಲ ಯಜಮಾನರೆ. ದೀಪ ನೋಡ್ಬೇಕಲ್ಲ.” ಅವಳು ಕಿಟಕಿಯ ಬಳಿಗೆ ಬಂದಳು. ಡ್ರೈವರ್ ತಾನು ಕೂರುತ್ತೇನೆಂದು ಮುಂದೆ ಬಂದವನನ್ನು ಮೊಣಕೈಯಿಂದ ತಡೆದಳು. ಭುಜವನ್ನು ಬಾಗಿಲಿಗೆ ಊರಿ, ಕಪ್ಪು ಮೆತ್ತಿದ ತೋಳನ್ನು ಕಿಟಕಿಯೊಳಗೆ ತೂರಿಸಿದಳು. ತೋಳು ಬಿಳಿ ಸೀಟಿನ ಮೇಲಿಂದ, ನಿಧಾನವಾಗಿ, ಗೇರಿನ ಕೋಲಿನ ಕಡೆಗೆ ಚಾಚಿತು.

“ಏಯ್! ಬಿಳಿ ಬಟ್ಟೆ! ಕೈ ತೆಗಿಯೇ ಆಚೆ!”

ಮನೆಯೊಡತಿಯ ಕೈಯಲ್ಲಿ ತಟ್ಟೆ ಓರೆಯಾಗಿತ್ತು. ಕೂಗಿದ ಮೇಲೆ ಅವಳ ಬಾಯಿ ಮುಚ್ಚಲೇ ಇಲ್ಲ.

ತೋಳು ಅಲ್ಲೇ ನಿಂತಿತ್ತು. ಈ ಸಲ ಅದು ಹಿಂದೆ ಬರಲಿಲ್ಲ.

“ಇದೇ ಮಾತು,” ಎಂದಳು ತಂತಿ ಮುದುಕನ ಕಡೆ ತಿರುಗಿ. “ಅವತ್ತೂ ಇದೇ ಮಾತು ಅಜ್ಜ. ಅವತ್ತು ತೆಗೆದೆ.”

ಮುದುಕನ ಹೆಂಡತಿ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು, ಯಾಕೆಂದು ತಿಳಿಯದೆ.

ತಂತಿ ತೋಳನ್ನು ಹೊರಗೆಳೆದು ಬಾಗಿಲು ತೆರೆದಳು. ಅಂಗಡಿಯ ಮಸಿ, ಎಣ್ಣೆ, ವಾರ್ನಿಷ್ ಎಲ್ಲ ಹೊತ್ತ ಸೀರೆಯಲ್ಲೇ ಒಳಗೆ ಕೂತಳು. ಪೂರ್ತಿ ಕೂತಳು, ಬೆನ್ನನ್ನು ಒರಗಿಸಿ, ತಲೆಯನ್ನೂ ಒರಗಿಸಿ. ಸೀಟು ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಎಳೀರೋ ಅವಳನ್ನ ಆಚೆ! ರಂಡೆ, ಇಳಿಯೇ!” ಯಜಮಾನ ಅರಚಿದ. ಆದರೆ ಕಾರಿನ ಮುಂದಿನಿಂದ ಹಾದು ಆ ಬಾಗಿಲಿಗೆ ಬರಬೇಕಿತ್ತು. ಅವನು ಬರಲಿಲ್ಲ. ಡ್ರೈವರ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮರದಂತೆ ನಿಂತಿದ್ದ.

ಮೊದಲು ಕೋಲು. ಅದು ಸಡಿಲವಾಗಿ ಅತ್ತಿತ್ತ ಅಲ್ಲಾಡಿತು. ಕಾಲಿಗೆ ಬ್ರೇಕು ಸಿಕ್ಕಿತು. ಇದು ಇಲ್ಲಿ ಇರುತ್ತದೆಯೇ ಎಂದುಕೊಂಡಳು. ಆಮೇಲೆ ಕೀ.

ಎಂಜಿನ್ ಎದ್ದಿತು. ಬೆಲ್ಟು ಉಸಿರೆತ್ತಲಿಲ್ಲ. ಕೆಂಪು ದೀಪವನ್ನು ಅವಳು ಮೊದಲ ಬಾರಿಗೆ ಎದುರಿನಿಂದ ನೋಡಿದಳು. ಚಿಕ್ಕದಾಗಿತ್ತು, ಒಂದು ಕಾಳಿನಷ್ಟು. ಅವಳ ಕಣ್ಣ ಮುಂದೆಯೇ ಅದು ಆರಿತು.

ಅವಳು ಹ್ಯಾಂಡ್‌ಬ್ರೇಕು ಬಿಗಿಯಾಗಿದೆಯೆಂದು ನೋಡಿ ಇಳಿದಳು. ಎಂಜಿನ್ ಆಫ್ ಮಾಡಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ. ಬಿಳಿಯ ಮೇಲೆ ಅವಳ ಬೆನ್ನು, ತೊಡೆ, ತಲೆಯ ಗುರುತು, ಒಬ್ಬ ಹೆಂಗಸು ಕೂತು ಎದ್ದುಹೋದ ಇಡೀ ಆಕಾರ, ಜಗಲಿಯವರಿಗೆಲ್ಲ ಕಾಣುವಂತೆ ಅಲ್ಲಿ ಉಳಿಯಿತು.

ಗೇಟಿನವರೆಗೆ ಡ್ರೈವರ್ ಹಿಂದೆಯೇ ಬಂದ. “ಏನು ಮಾಡ್ಬಿಟ್ಟೆ ಮಾರಾಯ್ತಿ? ಕೈಗೆ ಬಂದ ಕೆಲಸ ಹೋಯ್ತಲ್ಲ. ಅಣ್ಣಂಗೆ ಏನು ಹೇಳ್ತೀಯ ಈಗ?”

ಅವಳು ಸ್ಟೂಲಿನ ಮೇಲಿನ ಟೋಪಿಯನ್ನು ನೋಡಿದಳು. ಅದರ ಅಂಚಿಗೆ ಇರುವೆಯೊಂದು ಏರುತ್ತಿತ್ತು. ಅಣ್ಣನಿಗೆ ಅದು ದೊಡ್ಡದಾಗುತ್ತಿತ್ತು, ಕಿವಿಯವರೆಗೂ ಇಳಿಯುತ್ತಿತ್ತು.

“ಬೋಲ್ಟು ಬಿಗಿದೆ ಅಂತೀನಿ.”

ಕಿರುಬಾಗಿಲನ್ನು ತೆಗೆಯಲು ಡ್ರೈವರ್ ಕೈ ಚಾಚಿದ. ಅದಕ್ಕೆ ಮೊದಲೇ ಅವಳು ಚಿಲಕ ಎಳೆದಿದ್ದಳು. ಹೊರಗೆ ಕಾಲಿಟ್ಟು, ತಿರುಗಿ ನೋಡದೆ, ಕೀ ತಿರುಗಿಸಿದ ಅದೇ ಕೈಯನ್ನು ಹಿಂದಕ್ಕೆ ಚಾಚಿ ಬಾಗಿಲನ್ನು ಸೆಳೆದುಕೊಂಡಳು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಪೋರ್ಟಿಕೋದವರೆಗೂ ಹೋಯಿತು.